ರೀಪರ್: ಮಾಡಿದ ಕೆಲಸವನ್ನು ಎಷ್ಟು ಜೋಪಾನವಾಗಿ ಇಡುತ್ತದೆ? ಕೆಲವು ವರ್ಷ ಬಳಸಿದ ಮೇಲಿನ ಅನಿಸಿಕೆ

ಕಂಪ್ಯೂಟರಿನಲ್ಲಿ ಹಾಡು ರೆಕಾರ್ಡ್ ಮಾಡಿ ಎಡಿಟ್, ಮಿಕ್ಸ್ ಮಾಡುವ ಸಾಫ್ಟ್‌ವೇರ್ ರೀಪರ್. ಅದರ ಬಗ್ಗೆ ಮಾತು ಬಂದಾಗ ಎಲ್ಲರೂ ಮೊದಲು ಹೇಳುವುದು ಅದರ ಬೆಲೆ ಕಡಿಮೆ ಅನ್ನುವುದನ್ನು. ಅದು ನಿಜ. ಆದರೆ ನಾನು ಇದನ್ನು ಬಿಡದೆ ಬಳಸುತ್ತಿರುವುದಕ್ಕೆ ಕಾರಣ ಬೇರೆ. ಮಾಡಿದ ಕೆಲಸ ಎಲ್ಲಿದೆ, ಹೇಗೆ ಉಳಿದಿದೆ ಅನ್ನುವುದನ್ನು ಇದು ಕಣ್ಣಿಗೆ ಕಾಣುವ ಹಾಗೆ ಇಡುತ್ತದೆ. ಈ ವಿಮರ್ಶೆ ಅದೊಂದರ ಬಗ್ಗೆ ಮಾತ್ರ.

ನಾನಿರುವುದು ಶಿರಸಿ ಕಡೆ. ಮನೆಯ ಒಂದು ಕೋಣೆಯಲ್ಲಿ ಯಕ್ಷಗಾನದ ಹಿಮ್ಮೇಳ, ಭಾವಗೀತೆ, ಶಾಲೆಗಳ ವಾರ್ಷಿಕೋತ್ಸವದ ಹಾಡು ಇಂಥವನ್ನೆಲ್ಲ ರೆಕಾರ್ಡ್ ಮಾಡುತ್ತೇನೆ. ಮಳೆಗಾಲದಲ್ಲಿ ಕರೆಂಟು ಯಾವ ಹೊತ್ತಿಗೆ ಹೋಗುತ್ತದೆ ಅಂತ ಹೇಳಲು ಬರುವುದಿಲ್ಲ. ಹಾಗಾಗಿ ಸೌಂಡ್ ಎಷ್ಟು ಚೆನ್ನಾಗಿದೆ ಅನ್ನುವಷ್ಟೇ, ಸೇವ್ ಹೇಗೆ ಆಗುತ್ತದೆ ಅನ್ನುವುದೂ ನನಗೆ ಮುಖ್ಯ.

ಮೊದಲು ಬೇರೊಂದು ಸಾಫ್ಟ್‌ವೇರ್ ಬಳಸುತ್ತಿದ್ದೆ. ಹೆಸರು ಬೇಡ. ಒಂದು ಪ್ರಸಂಗದ ಪದ್ಯಗಳನ್ನು ಕೂಡಿಸುತ್ತಿದ್ದಾಗ ಕರೆಂಟು ಹೋಯಿತು, ಅದೇ ವಾರ ಹಳೆಯ ಯುಪಿಎಸ್ ಕೂಡ ಕೈಕೊಟ್ಟಿತ್ತು. ಮತ್ತೆ ಆನ್ ಮಾಡಿದರೆ ಪ್ರಾಜೆಕ್ಟ್ ತೆರೆಯಲಿಲ್ಲ. ಅದು ತಾನಾಗಿಯೇ ಸೇವ್ ಮಾಡಿಟ್ಟಿದ್ದ ಕಡತವೂ ತೆರೆಯಲಿಲ್ಲ. ಫೋಲ್ಡರ್ ನೋಡಿದರೆ ಭಾಗವತರ ಹಾಡು, ಮದ್ದಳೆ, ಚೆಂಡೆ ಎಲ್ಲದರ ಆಡಿಯೊ ಹಾಗೇ ಇತ್ತು. ಆದರೆ ಯಾವ ಟೇಕ್‌ನ ಯಾವ ಸಾಲು ಎಲ್ಲಿಗೆ ಸೇರಬೇಕು, ಆಲಾಪ ಎಲ್ಲಿ ಕತ್ತರಿಸಬೇಕು, ಚೆಂಡೆ ಎಲ್ಲಿ ತಗ್ಗಿಸಬೇಕು, ಆ ತೀರ್ಮಾನಗಳೆಲ್ಲ ಹೋಗಿದ್ದವು. ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಆಡಿಯೊ ಬೇರೆ, ಪ್ರಾಜೆಕ್ಟ್ ಕಡತ ಬೇರೆ. ಆಡಿಯೊ ರೆಕಾರ್ಡ್ ಆಗುತ್ತಿದ್ದ ಹಾಗೇ ಡಿಸ್ಕ್‌ಗೆ ಬೀಳುತ್ತದೆ, ಸುಲಭಕ್ಕೆ ಹೋಗುವುದಿಲ್ಲ. ಹೋಗುವುದು ನಮ್ಮ ಎಡಿಟಿಂಗ್, ಮಿಕ್ಸಿಂಗ್.

ರೀಪರ್ ನನಗೆ ಹಿಡಿಸಿದ್ದು ಇಲ್ಲೇ. ಇದರ ಪ್ರಾಜೆಕ್ಟ್ ಕಡತ, ಅಂದರೆ ಆರ್‌ಪಿಪಿ ಅಂತ ಕೊನೆಯಾಗುವುದು, ಬರೀ ಅಕ್ಷರಗಳ ಕಡತ. ನೋಟ್‌ಪ್ಯಾಡ್‌ನಲ್ಲೇ ತೆರೆದು ಓದಬಹುದು. ಟ್ರ್ಯಾಕಿನ ಹೆಸರು, ವಾಲ್ಯೂಮ್, ಯಾವ ಆಡಿಯೊ ಕಡತ ಎಷ್ಟನೇ ಸೆಕೆಂಡಿಗೆ ಶುರುವಾಗುತ್ತದೆ, ಎಲ್ಲ ಸಾಲುಸಾಲಾಗಿ ಇರುತ್ತದೆ. ಪ್ಲಗಿನ್‌ಗಳ, ಅಂದರೆ ಎಫೆಕ್ಟ್‌ಗೋ ವಾದ್ಯದ ದನಿಗೋ ಸೇರಿಸಿಕೊಳ್ಳುವ ಚಿಕ್ಕ ಸಾಫ್ಟ್‌ವೇರ್‌ಗಳ, ಒಳಗಿನ ಸೆಟ್ಟಿಂಗ್ ಮಾತ್ರ ನಮಗೆ ಓದಲು ಬಾರದ ಅಕ್ಷರಗಳ ರಾಶಿ. ಹಾರ್ಡ್‌ಡಿಸ್ಕ್ ಬದಲಾಯಿಸಿ ಆಡಿಯೊದ ದಾರಿ, ಅಂದರೆ ಅದು ಯಾವ ಡಿಸ್ಕ್‌ನ ಯಾವ ಫೋಲ್ಡರಿನಲ್ಲಿದೆ ಅನ್ನುವ ವಿಳಾಸ, ತಪ್ಪಿದರೆ, ನೋಟ್‌ಪ್ಯಾಡ್‌ನಲ್ಲೇ ಹಳೆಯ ದಾರಿ ಹುಡುಕಿ ಹೊಸದನ್ನು ಹಾಕಿದರೆ ಪ್ರಾಜೆಕ್ಟ್ ಮತ್ತೆ ಸರಿಯಾಗುತ್ತದೆ.

ಕಡತ ಚಿಕ್ಕದೂ ಹೌದು. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಮೈಕಿನ ಆಡಿಯೊ ನಿಮಿಷಕ್ಕೆ ಸುಮಾರು 8.6 ಎಂಬಿ. ಹಿಮ್ಮೇಳಕ್ಕೆ ಆರು ಮೈಕು ಇಟ್ಟರೆ ಗಂಟೆಗೆ 3 ಜಿಬಿ ದಾಟುತ್ತದೆ. ಅದೇ ಕೆಲಸದ ಪ್ರಾಜೆಕ್ಟ್ ಕಡತ ಕೆಲವು ನೂರು ಕೆಬಿ, ಪ್ಲಗಿನ್ ಜಾಸ್ತಿಯಾದರೆ ಕೆಲವು ಎಂಬಿ. ಇಷ್ಟು ಚಿಕ್ಕದನ್ನು ಎಷ್ಟು ಸಲ ನಕಲು ಮಾಡಿಟ್ಟರೂ ಜಾಗದ ಚಿಂತೆ ಇಲ್ಲ.

ಆ ನಕಲನ್ನು ರೀಪರ್ ತಾನೇ ಮಾಡುತ್ತದೆ. ಪ್ರಿಫರೆನ್ಸಸ್ ಒಳಗೆ ಪ್ರಾಜೆಕ್ಟ್ ಅನ್ನುವ ಪುಟಕ್ಕೆ ಹೋಗಿ. ಸೇವ್ ಮಾಡಿದಾಗ ಹಳೆಯ ಕಡತವನ್ನು ಅಳಿಸದೆ ಬ್ಯಾಕಪ್ ಆಗಿ ಇಡುವ ಆಯ್ಕೆ ಅಲ್ಲಿದೆ. ಇಷ್ಟು ನಿಮಿಷಕ್ಕೊಮ್ಮೆ ದಿನಾಂಕ, ಸಮಯ ಹಾಕಿ ಹೊಸ ಕಡತ ಸೇವ್ ಮಾಡು ಅನ್ನುವ ಆಯ್ಕೆಯೂ ಅಲ್ಲೇ. ಅದನ್ನು ಪ್ರಾಜೆಕ್ಟ್ ಫೋಲ್ಡರಿನಲ್ಲಿ ಇಡಬಹುದು, ಬೇರೊಂದು ಫೋಲ್ಡರಿನಲ್ಲೂ ಇಡಬಹುದು. ನಾನು ಎರಡನ್ನೂ ಟಿಕ್ ಮಾಡಿದ್ದೇನೆ, ಬೇರೆ ಫೋಲ್ಡರ್ ಇನ್ನೊಂದು ಡಿಸ್ಕ್‌ನಲ್ಲಿದೆ. ರೆಕಾರ್ಡ್ ಆಗುತ್ತಿರುವಾಗ ಸೇವ್ ಮಾಡಬೇಡ ಅಂತಲೂ ಹೇಳಬಹುದು. ಅದು ನನಗೆ ಬಹಳ ಇಷ್ಟವಾದ ವಿಷಯ. ಭಾಗವತರು ಏರುಪದ್ಯ ಹಿಡಿದಾಗ ಕಂಪ್ಯೂಟರ್ ಒಂದು ಕ್ಷಣ ತಡವರಿಸಿದರೂ ಆ ಟೇಕ್ ಹೋದಂತೆ ಅಲ್ವಾ?

ಹೊಸದಾಗಿ ಹಾಕಿಕೊಂಡವರು ಈ ಟಿಕ್‌ಗಳು ಬಿದ್ದಿವೆಯಾ ಅಂತ ಮೊದಲ ದಿನವೇ ನೋಡಿಕೊಳ್ಳಿ. ತಾನಾಗಿಯೇ ಎಲ್ಲ ಆಗುತ್ತದೆ ಅಂತ ನಂಬಿ ಕೂರಬೇಡಿ. ಅದೇ ಪುಟದಲ್ಲಿ, ಹೊಸ ಪ್ರಾಜೆಕ್ಟ್ ತೆರೆದ ಕೂಡಲೇ ಸೇವ್ ಮಾಡಲು ಕೇಳು ಅನ್ನುವ ಆಯ್ಕೆಯೂ ಇದೆ. ಅದನ್ನೂ ಹಾಕಿಬಿಡಿ. ಹೆಸರಿಡದ ಪ್ರಾಜೆಕ್ಟಿನ ಆಡಿಯೊ ಎಲ್ಲ ಡಾಕ್ಯುಮೆಂಟ್ಸ್ ಒಳಗಿನ ಒಂದು ಸಾಮಾನ್ಯ ಫೋಲ್ಡರಿಗೆ ಹೋಗಿ ಬೀಳುತ್ತದೆ. ಬೇರೆ ಬೇರೆ ದಿನದ ರೆಕಾರ್ಡಿಂಗ್ ಒಟ್ಟಿಗೆ ಸೇರಿದರೆ ಯಾವುದು ಯಾರದು ಅಂತ ಬಿಡಿಸುವುದು ದೊಡ್ಡ ತಲೆನೋವು.

ಇನ್ನು ಪ್ಲಗಿನ್. ಕೆಲಸ ಕಳೆದುಹೋಗುವುದಕ್ಕೆ ಕರೆಂಟಿನಷ್ಟೇ ದೊಡ್ಡ ಕಾರಣ ಇದು. ದನಿಗೆ ಅನುರಣನ ಕೊಡುವ ಒಂದು ರಿವರ್ಬ್ ಪ್ಲಗಿನ್‌ನಿಂದಾಗಿ ನನ್ನ ಒಂದು ಪ್ರಾಜೆಕ್ಟ್ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿತ್ತು. ಓಪನ್ ಕಿಟಕಿಯಲ್ಲಿ ಎಲ್ಲ ಎಫೆಕ್ಟ್‌ಗಳನ್ನು ಆಫ್‌ಲೈನ್ ಮಾಡಿ ತೆರೆಯುವ ಒಂದು ಟಿಕ್ ಇದೆ, ರಿಕವರಿ ಮೋಡ್ ಅಂತಲೇ ಬರೆದಿರುತ್ತದೆ. ಅದನ್ನು ಹಾಕಿ ತೆರೆದೆ, ಆ ಪ್ಲಗಿನ್ ತೆಗೆದೆ, ಉಳಿದದ್ದನ್ನು ಒಂದೊಂದಾಗಿ ಆನ್ ಮಾಡಿದೆ. ಎಡಿಟಿಂಗ್ ಒಂದಿಷ್ಟೂ ಹೋಗಿರಲಿಲ್ಲ. ನಂಬಿಕೆ ಇಲ್ಲದ ಪ್ಲಗಿನ್ ಅನ್ನು ಬೇರೆ ಪ್ರಾಸೆಸ್‌ನಲ್ಲಿ ಓಡಿಸಲೂ ಬರುತ್ತದೆ. ಆಗ ಅದು ಬಿದ್ದರೂ ರೀಪರ್ ನಿಂತಿರುತ್ತದೆ. ಕಂಪ್ಯೂಟರಿಗೆ ಸ್ವಲ್ಪ ಭಾರ ಜಾಸ್ತಿ, ಆದರೂ ಹಳೆಯ ಪ್ಲಗಿನ್‌ಗಳಿಗೆ ನಾನು ಹಾಗೇ ಮಾಡುವುದು.

ಕೊರತೆಗಳೂ ಇವೆ. ಪ್ರಿಫರೆನ್ಸಸ್ ಅನ್ನುವುದು ಒಂದು ಕಾಡು. ಹೊಸಬರಿಗೆ ಬೇಕಾದದ್ದು ಸಿಗುವುದೇ ಕಷ್ಟ. ಇಷ್ಟು ಒಳ್ಳೆಯ ಸೌಲಭ್ಯಗಳನ್ನು ಅಷ್ಟು ಒಳಗೆ ಇಟ್ಟಿರುವುದು ನನಗೆ ನಿಜಕ್ಕೂ ಬೇಸರದ ವಿಷಯ. ತಾನಾಗಿಯೇ ಸೇವ್ ಆದ ಕಡತಗಳು ಫೋಲ್ಡರಿನಲ್ಲಿ ತುಂಬಿಕೊಳ್ಳುತ್ತವೆ, ಆಗಾಗ ನೋಡಿ ತೆಗೆಯಬೇಕು.

ಎಲ್ಲಕ್ಕಿಂತ ದೊಡ್ಡದು, ಪ್ರಾಜೆಕ್ಟ್ ಬ್ಯಾಕಪ್ ಆಗಿದೆ ಅಂದರೆ ಎಲ್ಲವೂ ಆಗಿದೆ ಅಂತಲ್ಲ. ಸೇವ್ ಆ್ಯಸ್ ಮಾಡುವಾಗ ಪ್ರಾಜೆಕ್ಟಿಗೇ ಒಂದು ಫೋಲ್ಡರ್ ಮಾಡಿ, ಆಡಿಯೊ ಎಲ್ಲವನ್ನೂ ಅದರೊಳಗೆ ನಕಲು ಮಾಡುವ ಆಯ್ಕೆ ಇದೆ. ಅದು ಬಹಳ ಉಪಯೋಗ. ಬೇಕಾದರೆ ಆ ಹೊತ್ತಿಗೇ ಆಡಿಯೊವನ್ನು ಫ್ಲಾಕ್ ಅನ್ನುವ ಕಡತ ರೂಪಕ್ಕೆ ಬದಲಾಯಿಸಬಹುದು, ಗುಣಮಟ್ಟ ಕಡಿಮೆಯಾಗದೆ ಜಾಗ ಉಳಿಯುತ್ತದೆ. ಆದರೆ ಪ್ಲಗಿನ್‌ಗಳು ಆ ಫೋಲ್ಡರಿಗೆ ಬರುವುದಿಲ್ಲ. ತಬಲ, ತಂಬೂರಿಗೆ ಬಳಸುವ ಸ್ಯಾಂಪಲ್ ಲೈಬ್ರರಿಗಳೂ, ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ವಾದ್ಯದ ದನಿಗಳ ಸಂಗ್ರಹಗಳೂ, ಬರುವುದಿಲ್ಲ. ಕೆಲವು ವರ್ಷ ಬಿಟ್ಟು ತೆರೆದಾಗ ಆ ಪ್ಲಗಿನ್ನೇ ಸಿಗದಿದ್ದರೆ ಮಿಕ್ಸ್ ಅರ್ಧ ಹೋದ ಹಾಗೆ. ಅದಕ್ಕೆ ಮುಗಿದ ಕೆಲಸದ ಪ್ರತಿ ಟ್ರ್ಯಾಕನ್ನೂ ಶುರುವಿನಿಂದ ಕೊನೆಯವರೆಗೆ ಒಂದೇ ಉದ್ದದ ಆಡಿಯೊ ಕಡತವಾಗಿ ರೆಂಡರ್ ಮಾಡಿ ಇಡಬೇಕು. ಅದನ್ನು ಯಾವ ಸಾಫ್ಟ್‌ವೇರಿನಲ್ಲಿ ಬೇಕಾದರೂ ತೆರೆಯಬಹುದು.

ಕ್ಲೌಡ್ ಬಗ್ಗೆ ಒಂದು ಮಾತು. ಕೆಲಸ ನಡೆಯುತ್ತಿರುವ ಫೋಲ್ಡರನ್ನೇ ಸಿಂಕ್‌ಗೆ ಹಾಕಬೇಡಿ. ಸಿಂಕ್ ಅಂದರೆ ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಸಿ ಹೋಗುತ್ತದೆ. ದಿನದ ಕೆಲಸ ಮುಗಿದ ಮೇಲೆ ಬೇರೆ ಕಡೆಗೆ ನಕಲು ಮಾಡುವುದು ಒಳ್ಳೆಯದು. ನಮ್ಮ ಕಡೆಯ ಇಂಟರ್ನೆಟ್ಟಿನಲ್ಲಿ ಗಿಗಾಬೈಟ್‌ಗಟ್ಟಲೆ ಆಡಿಯೊ ಮೇಲೆ ಕಳಿಸುವುದು ಕಷ್ಟ. ಹಾಗಾಗಿ ನಾನು ಪ್ರಾಜೆಕ್ಟ್ ಕಡತಗಳನ್ನು ಮಾತ್ರ ಕ್ಲೌಡ್‌ಗೆ ಹಾಕುತ್ತೇನೆ, ಆಡಿಯೊ ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ ಇರುತ್ತದೆ.

ಬೆಲೆ: 60 ದಿನ ಯಾವ ಕಡಿತವೂ ಇಲ್ಲದೆ ಬಳಸಿ ನೋಡಬಹುದು. ಆಮೇಲೆ ಸ್ವಂತಕ್ಕೆ, ಅಥವಾ ವರ್ಷದ ಆದಾಯ 20,000 ಡಾಲರ್ ಮೀರದ ಚಿಕ್ಕ ವ್ಯವಹಾರಕ್ಕೆ ಲೈಸೆನ್ಸ್ 60 ಡಾಲರ್. ಅದಕ್ಕಿಂತ ದೊಡ್ಡವರಿಗೆ 225. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ.

ಈಗ ನಾನು ಇನ್ನೊಂದು ರೂಢಿ ಮಾಡಿಕೊಂಡಿದ್ದೇನೆ. ಹಿಮ್ಮೇಳದ ರೆಕಾರ್ಡಿಂಗ್ ಮುಗಿದ ಮೇಲೆ ಪೂರ್ತಿ ಫೋಲ್ಡರಿನ ಒಂದು ನಕಲನ್ನು ಭಾಗವತರ ಮನೆಗೇ ಕೊಡುತ್ತೇನೆ: ಆರ್‌ಪಿಪಿ ಕಡತ, ಮೂಲ ಆಡಿಯೊ, ರೆಂಡರ್ ಮಾಡಿದ ಟ್ರ್ಯಾಕ್‌ಗಳು, ಕೊನೆಯ ಮಿಕ್ಸ್. ಜೊತೆಗೆ ಪ್ರಸಂಗ, ರಾಗ, ತಾಳ, ಶ್ರುತಿ, ಬಾರಿಸಿದವರ ಹೆಸರು ಬರೆದ ಒಂದು ಚಿಕ್ಕ ಟೆಕ್ಸ್ಟ್ ಕಡತ. ಅದು ಅವರ ಹಾಡು, ಅವರ ಮನೆಯಲ್ಲೂ ಇರಬೇಕು. ನನ್ನ ಕೋಣೆಯ ಎರಡೂ ಡಿಸ್ಕ್‌ಗಳಿಗೆ ಏನಾದರೂ ಆದರೆ, ನಾನು ಹೋಗಿ ಕೇಳುವುದು ಅಲ್ಲೇ.