ಪರಿಷೆ ಮಳಿಗೆಯ ಗಲ್ಲಾ: ಬೀಗದ ಬಾಕ್ಸಾ, ಸೊಂಟದ ಬ್ಯಾಗಾ, ಜೇಬಿನ ಏಪ್ರನ್ನಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಏಪ್ರನ್‌ಗೆ. ನಮ್ಮ ಬೀದಿಯ ಟೈಲರ್ ಹತ್ತಿರ ಹೊಲಿಸಿದ್ದು. ಸೊಂಟಕ್ಕೆ ಕಟ್ಟುವ ಗಿಡ್ಡ ಏಪ್ರನ್, ಮುಂದೆ ಮೂರು ಜೇಬು, ಒಳಗಡೆ ಜಿಪ್ ಇರುವ ಇನ್ನೊಂದು. ಬಟ್ಟೆ, ಹೊಲಿಗೆ ಎಲ್ಲ ಸೇರಿ ಮುನ್ನೂರು ರೂಪಾಯಿ ಒಳಗೆ ಮುಗಿಯಿತು. ಅದಕ್ಕೂ ಮುಂಚೆ ಸಾವಿರದ ಮೇಲೆ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದ ಬೀಗದ ಕ್ಯಾಶ್ ಬಾಕ್ಸ್ ಈಗ ಗ್ಯಾಸ್ ಪುಸ್ತಕ, ಕರೆಂಟ್ ಬಿಲ್ಲು ತುಂಬಿಕೊಂಡು ಮನೆಯ ಬೀರುವಿನಲ್ಲಿ ಕೂತಿದೆ.

ನಾನು, ಅತ್ತಿಗೆ ಇಬ್ಬರೂ ಸೇರಿ ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡಿ ಮಾರುತ್ತೇವೆ. ಅಂಗಡಿ ಅಂತ ಇಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆ, ಅಪಾರ್ಟ್‌ಮೆಂಟ್‌ಗಳ ರಾಜ್ಯೋತ್ಸವ, ಸಂಕ್ರಾಂತಿ ಮೇಳ, ಊರಿನ ಕಡೆ ಜಾತ್ರೆ, ಹೀಗೆ ಎಲ್ಲಿ ಜಾಗ ಸಿಗುತ್ತದೋ ಅಲ್ಲಿ ಒಂದು ಮಡಚುವ ಟೇಬಲ್ಲು, ಮೇಲೊಂದು ಟಾರ್ಪಾಲು. ಹಾಗಾಗಿ ಇಲ್ಲಿ ಬರೆದಿರುವುದೆಲ್ಲ ನಿಂತುಕೊಂಡು ವ್ಯಾಪಾರ ಮಾಡುವವರ ಮಾತು. ಗೋಡೆ, ಡ್ರಾಯರು, ಫ್ಯಾನು ಇರುವ ಅಂಗಡಿಯವರಿಗೆ ಇದರಲ್ಲಿ ಅರ್ಧ ಉಪಯೋಗಕ್ಕೆ ಬರಲ್ಲ.

ಕ್ಯೂಆರ್ ಕೋಡ್ ಅಂಟಿಸಿದರೆ ಆಯ್ತಲ್ಲ, ನಗದಿನ ಚಿಂತೆ ಯಾಕೆ ಅನ್ನುವವರಿದ್ದಾರೆ. ನಾವೂ ಅಂಟಿಸಿದ್ದೇವೆ. ಆದರೆ ಕಾರ್ತಿಕದ ಕೊನೆ ಸೋಮವಾರ ಸಂಜೆ ಬುಲ್ ಟೆಂಪಲ್ ರಸ್ತೆಗೆ ಬಂದು ನೋಡಿ. ಆ ಜನಜಂಗುಳಿಯಲ್ಲಿ ಫೋನಿನ ಚಕ್ರ ತಿರುಗುತ್ತಲೇ ಇರುತ್ತದೆ. ದುಡ್ಡು ಹೋಯ್ತು ಅಂತ ಗಿರಾಕಿ, ಬಂದಿಲ್ಲ ಅಂತ ನಾವು. ಪಕ್ಕದ ಮಳಿಗೆಯ ಸೌಂಡ್‌ಬಾಕ್ಸ್ "ನೂರು ರೂಪಾಯಿ" ಅಂತ ಕೂಗಿದರೆ ಅದು ನಮ್ಮದೋ ಅವರದೋ ಗೊತ್ತಾಗುವುದಿಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಬಂದವಲ್ಲ, ಆಮೇಲೆ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ "ನಗದು ಮಾತ್ರ" ಅನ್ನುವ ಬೋರ್ಡು ನೇತಾಡಿದ್ದನ್ನು ನೀವೂ ನೋಡಿರುತ್ತೀರಿ. (ನಗದು ಆದರೆ ಲೆಕ್ಕಕ್ಕೆ ಬರಲ್ಲ ಅಂದುಕೊಂಡವರಿಗೆ ಒಂದು ಮಾತು: ಬರೀ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷದ ವಹಿವಾಟು, ಅದರಲ್ಲಿ ನಗದೂ ಸೇರುತ್ತದೆ. ಹಪ್ಪಳ ಮಾರಿ ನಾವು ಅಲ್ಲಿಗೆ ಮುಟ್ಟುವ ಭಯವಿಲ್ಲ ಬಿಡಿ.)

ಈಗ ಬಾಕ್ಸ್ ವಿಷಯ. ನೋಡಲು ಗಟ್ಟಿಮುಟ್ಟು, ಬಣ್ಣ ಚೆನ್ನಾಗಿದೆ, ಬೀಗಕ್ಕೆ ಎರಡು ಕೀ. ಇದರಲ್ಲಿ ತಕರಾರಿಲ್ಲ. ನನ್ನ ತಕರಾರೆಲ್ಲ ಒಳಗಿನ ತಟ್ಟೆಯ ಮೇಲೆ.

ಮುಚ್ಚಳ ತೆಗೆದರೆ ಮೇಲೆ ನಾಣ್ಯದ ತಟ್ಟೆ, ಅದರ ಕೆಳಗೆ ನೋಟು. ಅಂದರೆ ಚಿಲ್ಲರೆ ಕಾಸು ಕೈಗೆ ಸುಲಭ, ನೋಟು ಕಷ್ಟ. ನಮ್ಮ ವ್ಯಾಪಾರ ಇರುವುದು ಇದಕ್ಕೆ ಪೂರ್ತಿ ಉಲ್ಟಾ. ಹಪ್ಪಳದ ಪ್ಯಾಕೆಟ್ಟಿಗೆ ಒಂದು, ಎರಡು ರೂಪಾಯಿ ನಾಣ್ಯ ಯಾರು ಕೊಡುತ್ತಾರೆ? ಬರುವುದೆಲ್ಲ ನೂರು, ಇನ್ನೂರು, ಐನೂರು. ಪ್ರತಿ ಗಿರಾಕಿಗೂ ಮುಚ್ಚಳ ಎತ್ತು, ತಟ್ಟೆ ಎತ್ತು, ನೋಟು ಹಾಕು, ಚಿಲ್ಲರೆ ತೆಗೆ, ತಟ್ಟೆ ಕೂರಿಸು, ಮುಚ್ಚು.

ಎತ್ತಿದ ತಟ್ಟೆ ಎಲ್ಲಿಡುವುದು? ಟೇಬಲ್ ತುಂಬ ಸರಕು. ಅತ್ತಿಗೆ ಅವಸರದಲ್ಲಿ ಹಪ್ಪಳದ ಕಟ್ಟಿನ ಮೇಲೇ ಇಟ್ಟರು. ಕಾಸು ತುಂಬಿದ ತಟ್ಟೆಯ ಭಾರಕ್ಕೆ ಒಣ ಹಪ್ಪಳ ಚಟ್ ಅಂತ ಮುರಿಯಿತು. ಮುರಿದ ಹಪ್ಪಳ ಯಾರೂ ಮುಟ್ಟುವುದಿಲ್ಲ, ಅದು ನಮ್ಮ ಮನೆ ಬಾಣಲೆಗೇ. ಇನ್ನು ತಟ್ಟೆ ಆಚೆ ಇರುವಷ್ಟು ಹೊತ್ತು ಕೆಳಗಿನ ನೋಟೆಲ್ಲ ಗಾಳಿಗೆ ಬಿಟ್ಟ ಹಾಗೆ. ಒಂದು ಸಲ ಟಾರ್ಪಾಲು ಪಟಪಟ ಅಂದಿದ್ದೇ ತಡ, ಇಪ್ಪತ್ತರ ನೋಟುಗಳು ಎದ್ದು ಪಕ್ಕದ ಬಳೆ ಅಂಗಡಿಗೆ ಹೋದವು. ಬಳೆಯವರು ಒಳ್ಳೆಯವರು, ಆರಿಸಿ ಕೊಟ್ಟರು.

ಹಾಗಾದರೆ ನೋಟನ್ನು ತಟ್ಟೆಯ ಮೇಲೇ ಇಟ್ಟರೆ? ಮುಚ್ಚಳ ಸರಿಯಾಗಿ ಕೂರಲ್ಲ. ತಟ್ಟೆಯನ್ನೇ ಮನೆಯಲ್ಲಿ ಬಿಟ್ಟು ಬಂದರೆ? ಆಗ ಕಾಸು, ನೋಟು ಒಂದರ ಮೇಲೊಂದು ಬಿದ್ದು, ಅಡಿಗೆ ಹೋದ ಹತ್ತರ ನಾಣ್ಯ ಹುಡುಕುವುದೇ ಒಂದು ಕೆಲಸ. ಬಾಕ್ಸನ್ನು ಟೇಬಲ್ ಮೇಲಿಟ್ಟರೆ ಮುಚ್ಚಳ ಗಿರಾಕಿಗೂ ನಮಗೂ ನಡುವೆ ಅಡ್ಡ. ತಿರುಗಿಸಿ ಇಟ್ಟರೆ ಎಷ್ಟು ದುಡ್ಡಾಗಿದೆ ಅಂತ ಬೀದಿಗೆಲ್ಲ ಕಾಣುತ್ತದೆ. ಕೆಳಗಿಟ್ಟರೆ ದಿನವಿಡೀ ಬಗ್ಗಿ ಬಗ್ಗಿ ರಾತ್ರಿ ಸೊಂಟಕ್ಕೆ ಅಮೃತಾಂಜನ. ಬಗ್ಗಿದಾಗ ಮೇಲಿನ ಸರಕಿನ ಮೇಲೆ ಕಣ್ಣಿರುವುದಿಲ್ಲ, ಅದು ಬೇರೆ.

ಬೀಗ ಇದೆಯಲ್ಲ ಅಂತೀರಾ? ಬಾಕ್ಸೇ ಒಂದು ಕೈಯಲ್ಲಿ ಎತ್ತಿಕೊಂಡು ಹೋಗುವಷ್ಟಿದೆ. ಬೀಗ ಹಾಕಿ ಕೊಟ್ಟರೆ ಕಳ್ಳನಿಗೆ ಒಂದೂ ನೋಟು ಉದುರದೆ ಮನೆ ಸೇರುತ್ತದೆ, ಅಷ್ಟೇ ಅನುಕೂಲ.

ಸೊಂಟದ ಬ್ಯಾಗ್ ಇದಕ್ಕಿಂತ ಎಷ್ಟೋ ವಾಸಿ. ದುಡ್ಡು ಮೈಮೇಲೇ ಇರುತ್ತದೆ, ಗಾಳಿ ತಾಗಲ್ಲ, ಮಳೆ ಹನಿಸಿದರೂ ಚಿಂತೆಯಿಲ್ಲ. ಜಿಪ್ಪಿಗೆ ನೋಟಿನ ಮೂಲೆ ಸಿಕ್ಕಿಕೊಂಡು ಹರಿಯುತ್ತದೆ, ಅದನ್ನಾದರೂ ಸಹಿಸಬಹುದು. ನಾನು ಅದನ್ನು ಬಿಟ್ಟಿದ್ದು ಇಪ್ಪತ್ತು, ಇನ್ನೂರರ ಗೊಂದಲಕ್ಕೆ.

2017ರಲ್ಲಿ ಬಂದ ಇನ್ನೂರರ ನೋಟು ಹಳದಿ. 2019ರಲ್ಲಿ ಬಂದ ಹೊಸ ಇಪ್ಪತ್ತು ಹಸಿರು ಮಿಶ್ರಿತ ಹಳದಿ. ಹಗಲಲ್ಲಿ ಯಾರೂ ತಪ್ಪುವುದಿಲ್ಲ. ಸಂಜೆ ಜನರೇಟರ್ ಬಲ್ಬಿನ ಕೆಳಗೆ ನೋಡಿ, ಎರಡೂ ಅಣ್ಣತಮ್ಮ. ಉದ್ದದಲ್ಲಿ ಇಪ್ಪತ್ತು 129 ಮಿಲಿಮೀಟರ್, ಇನ್ನೂರು 146. ಆದರೆ ಮಡಚಿದ ನೋಟಿನಲ್ಲಿ ಆ ವ್ಯತ್ಯಾಸ ಬೆರಳಿಗೆ ಗೊತ್ತಾಗುವುದಿಲ್ಲ. ಒಂದೇ ಖಾನೆಯ ಬ್ಯಾಗಿನಲ್ಲಿ ಇವೆರಡೂ ಸೇರಿದರೆ ಪ್ರತಿ ಸಲವೂ ಹೊರಗೆ ತೆಗೆದು, ಬಿಡಿಸಿ, ಬೆಳಕಿಗೆ ಹಿಡಿದು ಕೊಡಬೇಕು. ಎದುರಿಗೆ ಜನ "ಬೇಗ ಕೊಡಮ್ಮಾ" ಅನ್ನುತ್ತಿರುತ್ತಾರೆ. ಎರಡು ಮೂರು ಖಾನೆಯ ಬ್ಯಾಗೂ ಸಿಗುತ್ತದೆ, ಆದರೆ ಅಷ್ಟೂ ಖಾನೆಗೆ ಅಷ್ಟೂ ಜಿಪ್ಪು. ಒಂದು ತೆರೆದು ಒಂದು ಮುಚ್ಚುವ ಹೊತ್ತಿಗೆ ಮುಂದಿನ ಗಿರಾಕಿ ಪಕ್ಕದ ಮಳಿಗೆಯಲ್ಲಿರುತ್ತಾರೆ.

ಇನ್ನು ಗೋಣಿತಾಟಿನ ಕೆಳಗೆ ನೋಟು ಸೇರಿಸುವುದು, ಖಾಲಿ ಸ್ವೀಟ್ ಡಬ್ಬಿಗೆ ಹಾಕುವುದು: ಕೂತು ಮಾರುವವರಿಗೆ ಮಾತ್ರ.

ಏಪ್ರನ್ ಯೋಚನೆ ಬಂದಿದ್ದು ಎಲೆಅಡಿಕೆ ಸಂಚಿಯಿಂದ. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯರ ಸೊಂಟದಲ್ಲಿ ನೋಡಿರುತ್ತೀರಿ. ಒಂದು ಮಡಿಕೆಯಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಳಗಿನದರಲ್ಲಿ ದುಡ್ಡು. ಅಜ್ಜಿ ಕೆಳಗೆ ನೋಡುವುದೇ ಇಲ್ಲ, ಬೆರಳಿಗೆ ಎಲ್ಲವೂ ಗೊತ್ತು. ನನಗೆ ಬೇಕಾಗಿದ್ದೂ ಅದೇ, ನೋಡದೆ ತೆಗೆಯುವ ಹಾಗಿರಬೇಕು.

ನಮ್ಮ ಜೇಬುಗಳ ಲೆಕ್ಕ ಹೀಗಿದೆ. ಎಡಗಡೆ ಹತ್ತು, ಇಪ್ಪತ್ತು. ಬಲಗಡೆ ಐವತ್ತು, ನೂರು. ನಡುವೆ ಕಾಸು. ಇನ್ನೂರು, ಐನೂರು ಬಂದ ತಕ್ಷಣ ಒಳಗಿನ ಜಿಪ್ ಜೇಬಿಗೆ. ಅಲ್ಲಿಗೆ ಹೋದದ್ದು ಮನೆಗೆ ಹೋಗುವವರೆಗೂ ಆಚೆ ಬರುವುದಿಲ್ಲ. ಇಪ್ಪತ್ತೂ ಇನ್ನೂರೂ ಮುಖ ನೋಡುವ ಸಂದರ್ಭವೇ ಇಲ್ಲ. ಜೇಬಿನ ಆಳ ನಾಲ್ಕೂವರೆ ಇಂಚು, ಇದನ್ನು ಟೈಲರ್‌ಗೆ ಒತ್ತಿ ಹೇಳಿ. ಅವರ ಅಭ್ಯಾಸಕ್ಕೆ ಬಿಟ್ಟರೆ ಆರೇಳು ಇಂಚು ಮಾಡಿಬಿಡುತ್ತಾರೆ, ನೋಟು ತಳಕ್ಕೆ ಹೋಗಿ ಮುದುಡಿ ಕೂರುತ್ತದೆ. ಎಲ್ಲಕ್ಕಿಂತ ಚಿಕ್ಕದಾದ ಹತ್ತರ ನೋಟೇ 123 ಮಿಲಿಮೀಟರ್ ಉದ್ದ. ಬಸ್ ಕಂಡಕ್ಟರ್‌ಗಳು ಬೆರಳ ಸಂದಿಯಲ್ಲಿ ಹಿಡಿಯುತ್ತಾರಲ್ಲ, ಹಾಗೆ ಉದ್ದುದ್ದ ಮಡಚಿ ನಿಲ್ಲಿಸಿದರೆ ನಾಲ್ಕೂವರೆ ಇಂಚಿನ ಜೇಬಿನಿಂದ ತುದಿ ಸ್ವಲ್ಪ ಇಣುಕುತ್ತದೆ. ಎಳೆದರೆ ಒಂದೇ ಬರುತ್ತದೆ. ಕಾಸಿನ ಜೇಬಿಗೆ ತಳದ ಮೂಲೆ ಗುಂಡಗೆ ಹೊಲಿಸಿ. ಚೌಕದ ಮೂಲೆಯಲ್ಲಿ ಒಂದು ರೂಪಾಯಿ ನಾಣ್ಯ ಸೇರಿಕೊಂಡರೆ ಉಗುರಿಗೆ ಸಿಗಲ್ಲ.

ಐನೂರು ಕೊಟ್ಟವರ ನೋಟನ್ನು ಮಾತ್ರ ಚಿಲ್ಲರೆ ಎಣಿಸಿ ಕೊಡುವವರೆಗೂ ಜೇಬಿಗೆ ಹಾಕುವುದಿಲ್ಲ, ಎಡಗೈ ಬೆರಳ ಸಂದಿಯಲ್ಲೇ ಇರುತ್ತದೆ. "ನಾನು ಕೊಟ್ಟಿದ್ದು ಐನೂರು", "ಇಲ್ಲ ಸಾರ್ ನೂರು" ಅನ್ನುವ ಜಗಳ ಅಲ್ಲಿಗೇ ಮುಗಿಯುತ್ತದೆ. ಆ ನೋಟಿನ ದಾರವನ್ನು ಓರೆ ಮಾಡಿ ಹಸಿರು ನೀಲಿಯಾಗುತ್ತದಾ ನೋಡಲೂ ಅದೇ ಸಮಯ.

ಏಪ್ರನ್‌ನಲ್ಲಿ ಕೊರತೆ ಇಲ್ಲ ಅಂತಲ್ಲ. ಕಾಸಿನ ಭಾರ ಅದಕ್ಕೆ ಆಗಿಬರಲ್ಲ. ಹತ್ತರ ಒಂದು ನಾಣ್ಯ 7.71 ಗ್ರಾಂ, ನೂರು ನಾಣ್ಯ ಸೇರಿದರೆ ಮುಕ್ಕಾಲು ಕೆಜಿಗೂ ಮೇಲೆ. ಅಷ್ಟನ್ನು ಕಟ್ಟಿಕೊಂಡು ನಿಂತರೆ ಲಾಡಿ ಜಾರುತ್ತದೆ, ಸೀರೆ ನೆರಿಗೆಯೂ ಜೊತೆಗೆ ಜಾರುತ್ತದೆ. ಅತ್ತಿಗೆ ಬೈದದ್ದು ಇದಕ್ಕೇ. ಈಗ ಜೇಬಲ್ಲಿ ಒಂದು ಹಿಡಿ ಕಾಸು, ಉಳಿದದ್ದು ಟೇಬಲ್ ಕೆಳಗೆ ಹಾರ್ಲಿಕ್ಸ್ ಬಾಟಲಿಯಲ್ಲಿ. ಅದೂ ಸುಮ್ನೆ ಇಟ್ಟುಕೊಂಡಿರುವುದು, ಹತ್ತರ ಕಾಯಿನ್ ಕೊಟ್ಟರೆ ಇವತ್ತಿಗೂ "ಇದು ನಡೆಯಲ್ಲ, ನೋಟು ಕೊಡಿ" ಅನ್ನುತ್ತಾರೆ. ಹದಿನಾಲ್ಕು ವಿನ್ಯಾಸದವೂ ಚಲಾವಣೆಯಲ್ಲಿವೆ ಅಂತ ರಿಸರ್ವ್ ಬ್ಯಾಂಕು 2018ರಲ್ಲೇ ಹೇಳಿ ಆಗಿದೆ. ಪರಿಷೆಯಲ್ಲಿ ನಿಂತು ಅದನ್ನು ಯಾರಿಗೆ ಓದಿ ಹೇಳುವುದು?

ಹಾಗಾಗಿ ಹತ್ತರ ನೋಟೇ ಬೇಕಾಗದ ಹಾಗೆ ಬೆಲೆ ಬದಲಿಸಿದೆವು. ಮೊದಲು ಹಪ್ಪಳದ ಪ್ಯಾಕೆಟ್ 45 ರೂಪಾಯಿ, ಚಟ್ನಿಪುಡಿ 65. ನೂರು ಕೊಟ್ಟವರಿಗೆ ಐವತ್ತರ ಜೊತೆ ಐದು, ಇಲ್ಲ ಮೂವತ್ತೈದು ಹುಡುಕಬೇಕಿತ್ತು. ಈಗ ಪ್ಯಾಕೆಟ್ ಸ್ವಲ್ಪ ದಪ್ಪ ಮಾಡಿ ಹಪ್ಪಳ 50, ಚಟ್ನಿಪುಡಿ 80, ಯಾವುದಾದರೂ ಎರಡು ಪ್ಯಾಕೆಟ್ ಹಪ್ಪಳ ಸಂಡಿಗೆ 100. ಕೊಡಬೇಕಾದ ಚಿಲ್ಲರೆ ಹೆಚ್ಚುಕಮ್ಮಿ ಒಂದು ಐವತ್ತೋ ಒಂದು ಇಪ್ಪತ್ತೋ. ಯಾವ ಬ್ಯಾಗು, ಬಾಕ್ಸು ತಂದರೂ ಇಷ್ಟು ಉಪಕಾರ ಆಗುತ್ತಿರಲಿಲ್ಲ.

ಇಬ್ಬರು ನಿಂತರೆ ಏಪ್ರನ್ ಎರಡು ಬೇಕು. ಒಂದೇ ಇದ್ದರೆ "ಅತ್ತಿಗೆ, ಐವತ್ತು ಕೊಡಿ" ಅಂತ ದಿನವಿಡೀ ಕೂಗಾಟ. ಬೋಣಿಗೆ ಮುಂಚೆ ಇಬ್ಬರೂ ಸಮಸಮ ಚಿಲ್ಲರೆ ಹಾಕಿಕೊಂಡು, ಎಷ್ಟು ಅಂತ ಚೀಟಿ ಬರೆದು ಅವರವರ ಜಿಪ್ ಜೇಬಿಗೆ ಹಾಕಿಕೊಳ್ಳುತ್ತೇವೆ. ರಾತ್ರಿ ಬೇರೆ ಬೇರೆ ಎಣಿಸಿ ಚೀಟಿಯ ಮೊತ್ತ ಕಳೆದರೆ ಮುಗಿಯಿತು. ತಾಳೆ ಆಗದಿದ್ದರೆ ಯಾರ ಜೇಬಿನ ಲೆಕ್ಕ ಅಂತಲಾದರೂ ಗೊತ್ತಾಗುತ್ತದೆ. ಒಂದೇ ಬಾಕ್ಸಿಗೆ ಇಬ್ಬರ ಕೈ ಹೋಗುತ್ತಿದ್ದಾಗ ಅದೂ ಇರಲಿಲ್ಲ.

ನೀವು ದೋಸೆ, ಬಜ್ಜಿ ಹಾಕುವವರಾದರೆ ನನ್ನ ಮಾತು ಕೇಳಬೇಡಿ. ಹಿಟ್ಟಿನ ಕೈ ಜೇಬಿಗೆ ಹೋಗಬಾರದು. ಅಲ್ಲಿ ಒಬ್ಬರು ಗಲ್ಲಾದಲ್ಲೇ ಕೂತು ಟೋಕನ್ ಕೊಡುತ್ತಾರೆ, ಅವರಿಗೆ ಬಾಕ್ಸೇ ಸರಿ, ತಟ್ಟೆ ಇಲ್ಲದ್ದು ನೋಡಿ ತಗೊಳ್ಳಿ. ಒಬ್ಬರೇ ನಿಂತು ನಾಲ್ಕೈದು ಸಾಮಾನು ಮಾರುವವರಿಗೆ, ತಿಂಗಳಿಗೊಮ್ಮೆ ಅಪಾರ್ಟ್‌ಮೆಂಟ್ ಮೇಳಕ್ಕೆ ಹೋಗುವವರಿಗೆ ಸೊಂಟದ ಬ್ಯಾಗೂ ನಡೆಯುತ್ತದೆ, ಮನೆಯಲ್ಲಿ ಹೇಗೂ ಒಂದು ಇರುತ್ತದೆ. ನಮ್ಮ ಹಾಗೆ ಜಾತ್ರೆ, ಪರಿಷೆ ಅಂತ ಬೆಳಿಗ್ಗೆಯಿಂದ ರಾತ್ರಿವರೆಗೆ ನಿಲ್ಲುವವರು ದಪ್ಪ ಖಾಕಿ ಡ್ರಿಲ್ ಬಟ್ಟೆ ಒಂದು ಮೀಟರ್ ತಂದು ಟೈಲರ್‌ಗೆ ಕೊಡಿ. ನಾವು ತಿಳಿ ಬಣ್ಣ ತಂದು, ಅದರ ಮೇಲೆ ಚಟ್ನಿಪುಡಿಯ ಕೆಂಪು ಕಲೆ ಎಷ್ಟು ಒಗೆದರೂ ಹೋಗುತ್ತಿಲ್ಲ.