ಮನೆಯ ಮೆಣಸಿನ ಗಿಡಕ್ಕೆ ಹೆಸರಿಲ್ಲದ ಔಷಧಿ ಹೊಡೆಯಬೇಡಿ

ಹೋದ ವರ್ಷ ದಸರೆ ಮುಗಿದ ಮೇಲೆ ಧಾರವಾಡದ ನಮ್ಮ ಮನೆಯ ತಾರಸಿಯಲ್ಲಿ ಒಂಬತ್ತು ಕುಂಡಗಳಿಗೆ ಮೆಣಸಿನ ಸಸಿ ನೆಟ್ಟೆ. ಗಿಡ ಬೆಳೆಸಿದ್ದು ಇದೇ ಮೊದಲು. ಸಂಕ್ರಾಂತಿಯ ಹೊತ್ತಿಗೆ ಕಾಯಿ ಜೋತಾಡುತ್ತಿದ್ದವು. ಅಷ್ಟರಲ್ಲೇ ಕುಡಿ ಎಲೆಗಳು ಅಂಚು ಮೇಲೆತ್ತಿ ದೋಣಿಯ ಹಾಗೆ ಮುದುಡಿದವು, ಹೂಗಳು ಉದುರಿದವು. ಇದಕ್ಕೆ ಮುಟುರು ರೋಗ ಎನ್ನುತ್ತಾರೆ.

ಸಸಿ ಕೊಂಡಿದ್ದ ನರ್ಸರಿಗೇ ಹೋಗಿ ಎಲೆ ತೋರಿಸಿದೆ. ಅಲ್ಲಿನವರು ದೊಡ್ಡ ಕ್ಯಾನಿನಿಂದ ಖಾಲಿ ನೀರಿನ ಬಾಟಲಿಗೆ ಎರಡು ಬೆರಳಿನಷ್ಟು ಔಷಧಿ ಸುರಿದು, "ಲೀಟರಿಗೆ ಒಂದು ಮುಚ್ಚಳ ಹಾಕಿ ಹೊಡೆಯಿರಿ ಸರ್, ಎಲೆ ಬಿಚ್ಚಿಕೊಳ್ಳುತ್ತದೆ" ಎಂದರು. ನಾನು ಅದರ ಹೆಸರು ಕೇಳಲಿಲ್ಲ. ಹೊಡೆದ ಮೇಲೆ ಎಷ್ಟು ದಿನ ಕಾಯಿ ಕೀಳಬಾರದು ಎಂದೂ ಕೇಳಲಿಲ್ಲ. ಹಾಗೊಂದು ಲೆಕ್ಕ ಇದೆ ಎಂಬುದೇ ಗೊತ್ತಿರಲಿಲ್ಲ. ಬೇಗ ವಾಸಿಯಾಗಲಿ ಎಂದು ಎರಡು ಮುಚ್ಚಳ ಹಾಕಿದೆ. ಆಮೇಲೆ ಆ ಮುಚ್ಚಳವನ್ನು ನೀರು ತುಂಬಿದ ಸಿರಿಂಜಿನಿಂದ ಅಳೆದು ನೋಡಿದೆ: ಒಂದಕ್ಕೆ ಆರು ಮಿಲಿಲೀಟರ್. ಇಂಥ ಎಷ್ಟೋ ಔಷಧಿಗಳನ್ನು ಲೀಟರಿಗೆ ಒಂದೆರಡು ಮಿಲಿಲೀಟರಿಗಿಂತ ಹೆಚ್ಚು ಹಾಕುವುದಿಲ್ಲ.

ಸಂಜೆ ಹೊಡೆದೆ, ಅವ್ವನಿಗೆ ಹೇಳಲಿಲ್ಲ. ಮರುದಿನ ಮಧ್ಯಾಹ್ನ ರೊಟ್ಟಿಯ ಜೊತೆ ಕಡಿಯಲು ಅವ್ವ ತಾರಸಿಗೆ ಹೋಗಿ ಹಸಿ ಕಾಯಿ ಕಿತ್ತು, ಸೆರಗಿನಲ್ಲಿ ಒರೆಸಿ ತಿಂದಿದ್ದಾಳೆ. ತಟ್ಟೆಯಲ್ಲಿ ಒಂದು ಕಾಯಿ ಉಳಿದಿತ್ತು. ಅದರ ತೊಟ್ಟಿನ ಬುಡದಲ್ಲಿ ಔಷಧಿ ಒಣಗಿ ಬಿಳಿಯ ಉಂಗುರದ ಹಾಗೆ ಕಟ್ಟಿದ್ದನ್ನು ನಾನು ನೋಡಿದ್ದು ಆಮೇಲೆ.

ನಾಲ್ಕು ಗಂಟೆಗೆ ತಂಗಿ ಫೋನ್ ಮಾಡಿದಳು. ಅವ್ವನಿಗೆ ವಾಂತಿ, ನಿಲ್ಲದ ಜೊಲ್ಲು. ಆ ಚಳಿಯಲ್ಲೂ ಕುಪ್ಪಸ ಬೆವರಿನಿಂದ ತೊಯ್ದಿತ್ತು. ಆಸ್ಪತ್ರೆಯಲ್ಲಿ ವೈದ್ಯರು ಟಾರ್ಚ್ ಹಿಡಿದು ನೋಡಿದರು, ಕಣ್ಣಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. "ಯಾವ ಔಷಧಿ? ಡಬ್ಬಿ ತಂದಿದ್ದೀರಾ?" ಎಂದು ಕೇಳಿದರು. ನಾನು ತಂದಿದ್ದ ಬಾಟಲಿಯ ಮೇಲೆ ಇದ್ದದ್ದು ಕುಡಿಯುವ ನೀರಿನ ಚೀಟಿ. ಲಕ್ಷಣ ನೋಡಿಯೇ ಆರ್ಗನೋಫಾಸ್ಫೇಟ್ ಎಂಬ ಕೀಟನಾಶಕಗಳ ಗುಂಪಿನದಿರಬೇಕೆಂದು, ಆ ವಿಷ ಇಳಿಸುವ ಅಟ್ರೋಪಿನ್ ಚುಚ್ಚುಮದ್ದು ಕೊಟ್ಟರು. ಮೂರು ದಿನದ ಮೇಲೆ ಅವ್ವ ಮನೆಗೆ ಬಂದಳು. 2013ರಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತರಲ್ಲ, ಅಡುಗೆ ಎಣ್ಣೆಗೆ ಸೇರಿದ್ದ ಮೊನೊಕ್ರೋಟೋಫಾಸ್ ಇದೇ ಗುಂಪಿನದು.

ಕೀಟನಾಶಕದ ಡಬ್ಬಿಯ ಮೇಲೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ. ಹಸಿರು ಎಲ್ಲಕ್ಕಿಂತ ಕಡಿಮೆ. ಬೆಳೆಯ ಹೆಸರು, ಪ್ರಮಾಣ, ಕೊಯ್ಲಿಗೆ ಮುಂಚೆ ಕಾಯಬೇಕಾದ ದಿನಗಳು ಡಬ್ಬಿಯ ಮೇಲೋ ಜೊತೆಗಿನ ಚೀಟಿಯಲ್ಲೋ ಇರುತ್ತವೆ. ಸುರಿದು ಕೊಡುವ ಔಷಧಿಗೆ ಇದ್ಯಾವುದೂ ಇರುವುದಿಲ್ಲ. ಎಷ್ಟೇ ಪರಿಚಯದವರು ಕೊಟ್ಟರೂ ದಯವಿಟ್ಟು ತರಬೇಡಿ.

ಅಸಲಿಗೆ ನನ್ನ ಗಿಡಕ್ಕೆ ಅದು ಬೇಕೇ ಇರಲಿಲ್ಲ. ತೋಟಗಾರಿಕೆ ಓದಿದ ಗೆಳೆಯ ಬಂದು ಬಿಳಿ ಹಾಳೆಯ ಮೇಲೆ ಒಂದು ಹೂವನ್ನು ತಟ್ಟಿದ. ದಾರದ ತುಣುಕಿನಂಥ ಸಣ್ಣ ಹುಳುಗಳು ಹರಿದಾಡಿದವು: ಥ್ರಿಪ್ಸ್. ಎಲೆ ಮೇಲಕ್ಕೆ ಮುದುಡಿದರೆ ಹೆಚ್ಚಾಗಿ ಇವು, ಕೆಳಕ್ಕೆ ಮುದುಡಿದರೆ ನುಸಿ. ಬಿಳಿನೊಣ ತರುವ ವೈರಸ್ ಆದರೆ ಯಾವ ಔಷಧಿಯೂ ನಾಟುವುದಿಲ್ಲ, ಗಿಡ ಕಿತ್ತು ಹಾಕುವುದೇ ದಾರಿ. ಹಳೆಯ ಗಿಡ, ಕಾಯಿ ಎಲ್ಲವನ್ನೂ ತೆಗೆದುಹಾಕಿ ಹೊಸ ಮಣ್ಣು ತುಂಬಿದ್ದೇನೆ. ಈ ಸಲದ ನಾಲ್ಕು ಗಿಡಗಳಿಗೆ ನೀಲಿ ಅಂಟು ಹಾಳೆ ಕಟ್ಟಿ, ವಾರಕ್ಕೊಮ್ಮೆ ಬೇವಿನ ಎಣ್ಣೆಗೆ ಸೋಪಿನ ನೀರು ಬೆರೆಸಿ ಹೊಡೆಯುತ್ತಿದ್ದೇನೆ. ಒಂದಷ್ಟು ಎಲೆ ಮುದುಡಿವೆ, ಮುದುಡಲಿ.

ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ತಿಂದಿದ್ದರೆ ನೀವಾಗಿ ವಾಂತಿ ಮಾಡಿಸಲು ಹೋಗಬೇಡಿ. 108ಕ್ಕೆ ಕರೆ ಮಾಡಿ, ಔಷಧಿಯ ಬಾಟಲಿಯನ್ನೂ ಉಳಿದ ಕಾಯಿಯನ್ನೂ ಜೊತೆಗೆ ಒಯ್ಯಿರಿ.