ಗುಂಡಿಗೆ ಹೋದ 7,000 ಯೂರೋ: ಫ್ರಾನ್ಸ್ ಹಳ್ಳಿಯಲ್ಲಿ ಮನೆ ತಗೊಳ್ಳುವವರು ದಯವಿಟ್ಟು ಓದಿ

ಮೊದಲೇ ಹೇಳಿಬಿಡ್ತೀನಿ. ಫ್ರಾನ್ಸಿನ ಹಳ್ಳಿಯಲ್ಲಿ ಇಂಗ್ಲಿಷ್ ಮಾತಾಡುವ ಬಿಲ್ಡರ್ ಸಿಕ್ಕ ಅಂತ ಖುಷಿಪಡಬೇಡಿ. ಕೊಟೇಶನ್ ಮೇಲೆ ಸಿರೆಟ್ ನಂಬರ್ (ಸರ್ಕಾರಿ ನೋಂದಣಿ ನಂಬರ್) ಇಲ್ಲ, ವಿಮೆ ಪತ್ರ ಇಲ್ಲ ಅಂದರೆ ಟೀ ಕೊಟ್ಟು ಕಳಿಸಿಬಿಡಿ. ಒಂದು ಯೂರೋನೂ ಕೊಡಬೇಡಿ. ನಾವು 7,000 ಕೊಟ್ಟೆವು. ಅದು ನಿಜವಾಗಿಯೂ ಗುಂಡಿಗೇ ಹೋಯಿತು. ಸೆಪ್ಟಿಕ್ ಟ್ಯಾಂಕ್ ಗುಂಡಿಗೆ.

ಬರೆಯೋಕೆ ನಾಚಿಕೆ ಆಗುತ್ತೆ. ಆದರೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ನಮ್ಮ ಕನ್ನಡದವರು ಕೆಲವರು "ಅಲ್ಲಿ ಮನೆ ಅಗ್ಗವಂತೆ, ನಾವೂ ಬರೋಣ ಅಂತ" ಅಂತ ಫೋನ್ ಮಾಡ್ತಾ ಇರ್ತಾರೆ. ಬನ್ನಿ, ಬೇಡ ಅನ್ನಲ್ಲ. ಇದನ್ನು ಓದಿ ಬನ್ನಿ.

ನಮ್ಮದು ದೋರ್ದೋನ್ ಜಿಲ್ಲೆ. ಬೆರ್ಜರಾಕ್‌ನಿಂದ ಒಳಗೆ ಒಂದು ಹಳ್ಳಿ. ಹುಟ್ಟಿದ ಊರು ಹಾಸನ, ಪಾಸ್‌ಪೋರ್ಟ್ ಬ್ರಿಟಿಷ್. ಇಲ್ಲಿನ ರೈತರ ಲೆಕ್ಕದಲ್ಲಿ ನಾವೂ ಇಂಗ್ಲಿಷರೇ. ಬ್ರೆಕ್ಸಿಟ್ ಆದಮೇಲೆ ಬಂದವರು, ಹಾಗಾಗಿ ವೀಸಾ, ಆರೋಗ್ಯ ವಿಮೆ, ಡ್ರೈವಿಂಗ್ ಲೈಸೆನ್ಸ್ ಬದಲಾವಣೆ, ಎಲ್ಲಕ್ಕೂ ಫೈಲ್ ಮಾಡಿ ಇಟ್ಟುಕೊಂಡವರು. ನಮ್ಮ ಯಜಮಾನರು ಕರೆಂಟ್ ಬಿಲ್ ಕೂಡ ಮೂರು ಕಾಪಿ ತೆಗೆಸ್ತಾರೆ. ಅಂಥವರನ್ನೇ ಆ ಬಿಲ್ಡರ್ ಯಾಮಾರಿಸಿದ ನೋಡಿ.

ವಿಷಯ ಏನಂದರೆ, ಎಷ್ಟೋ ಹಳ್ಳಿ ಮನೆಗಳಿಗೆ ಇಲ್ಲಿ ಚರಂಡಿ ಲೈನ್ ಇರಲ್ಲ. ಅಂಥ ಪ್ರತಿ ಮನೆಗೂ ಸ್ವಂತ ಸೆಪ್ಟಿಕ್ ಟ್ಯಾಂಕ್. ಇದನ್ನು ನೋಡಿಕೊಳ್ಳೋಕೆ ಸ್ಪಾಂಕ್ ಅಂತ ಸರ್ಕಾರಿ ವ್ಯವಸ್ಥೆ ಇದೆ. ಮನೆ ಮಾರುವಾಗ ಮಾರುವವರು ಅವರ ತಪಾಸಣೆ ವರದಿ ಕೊಡಲೇಬೇಕು, ಅದು 3 ವರ್ಷಕ್ಕಿಂತ ಹಳೇದಾಗಿರಬಾರದು. ವರದಿಯಲ್ಲಿ ಸರಿ ಇಲ್ಲ ಅಂತ ಬಂದರೂ ಮನೆ ಮಾರಬಹುದು. ಆದರೆ ಕೊಂಡವರು ರಿಜಿಸ್ಟ್ರೇಶನ್ ಆದ 1 ವರ್ಷದೊಳಗೆ ಸರಿ ಮಾಡಿಸಬೇಕು. ನಮ್ಮ ಮನೆಯದು ಹಳೇ ಕಾಂಕ್ರೀಟ್ ಗುಂಡಿ, ನೀರು ಸೀದಾ ರಸ್ತೆ ಪಕ್ಕದ ಕಾಲುವೆಗೆ. ನೊತೇರ್ (ಮನೆ ರಿಜಿಸ್ಟ್ರೇಶನ್ ಮಾಡಿಸುವ ವಕೀಲರು) ಎಲ್ಲ ಓದಿ ಹೇಳಿದ್ದರು, ಬೆಲೆಯಲ್ಲೂ ಸ್ವಲ್ಪ ಕಡಿಮೆ ಮಾಡಿಸಿದ್ದೆವು. ಇಲ್ಲಿಯವರೆಗೆ ಎಲ್ಲ ಕ್ರಮವಾಗಿಯೇ ಇತ್ತು.

ಮಣ್ಣು ಪರೀಕ್ಷೆ ಮಾಡಿಸಿದೆವು. ಡಿಸೈನ್ ಬಂತು: 3,000 ಲೀಟರ್ ಟ್ಯಾಂಕ್, ಅದರ ಮುಂದೆ 25 ಚದರ ಮೀಟರ್ ಮರಳಿನ ಫಿಲ್ಟರ್, ಮರಳು 70 ಸೆಂಟಿಮೀಟರ್ ದಪ್ಪ. ಸ್ಪಾಂಕ್ ಒಪ್ಪಿಗೆನೂ ಕೊಟ್ಟಿತು. ಊರಿನ ಫ್ರೆಂಚ್ ಕಂಟ್ರಾಕ್ಟರ್ ತೆರಿಗೆ ಎಲ್ಲ ಸೇರಿಸಿ 11,400 ಯೂರೋ ಅಂದ. ಜೊತೆಗೆ ತಿಂಗಳುಗಟ್ಟಲೆ ಕಾಯಬೇಕು ಅಂದ. ನಮಗೆ ಇದ್ದದ್ದು ವರ್ಷದ ಗಡುವು.

ಅಷ್ಟರಲ್ಲಿ ಈ ಮಹಾಶಯ ಸಿಕ್ಕ.

ಎಲ್ಲಿ ಸಿಕ್ಕ ಗೊತ್ತಾ? ಕ್ರಿಕೆಟ್ ಮೈದಾನದಲ್ಲಿ. ಹೌದು, ಈ ಸೀಮೆಯಲ್ಲಿ ಇಂಗ್ಲಿಷರು ಕ್ರಿಕೆಟ್ ಕೂಡ ಆಡ್ತಾರೆ. ಕ್ರಿಕೆಟ್ ಅಂದರೆ ನಮ್ಮವರಿಗೆ ಪ್ರಾಣ. ಮೊದಲ ದಿನವೇ ಕುಂಬ್ಳೆ, ದ್ರಾವಿಡ್ ಅಂತ ಶುರು ಮಾಡಿದ. ಸಂಜೆಗೆ ನಮ್ಮ ಮನೆಯಲ್ಲಿ ಚಹಾ. ನಾನೇ ಕೈಯಾರೆ ಕೋಡುಬಳೆ ಕೊಟ್ಟೆ. ಎರಡು ಸಲ ಹಾಕಿಸಿಕೊಂಡು ತಿಂದ.

"ಫ್ರೆಂಚ್‌ನವನು ಹನ್ನೊಂದು ಸಾವಿರ ಅಂದನಾ? ಇಂಗ್ಲಿಷ್ ಹೆಸರು ನೋಡಿದ ತಕ್ಷಣ ರೇಟ್ ಏರಿಸ್ತಾರೆ. ನಾನು ಏಳಕ್ಕೆ ಮಾಡ್ತೀನಿ." ನಮ್ಮದು ಇಂಗ್ಲಿಷ್ ಹೆಸರಾ? ಆಗ ಹೊಳೆಯಲಿಲ್ಲ.

ಕೊಟೇಶನ್ ಕೇಳಿದೆವು. ವಾಟ್ಸಾಪ್‌ನಲ್ಲಿ ನಾಲ್ಕು ಸಾಲು ಬಂತು. ಸಿರೆಟ್ ಕೇಳಿದೆವು. ಇಲ್ಲಿ ಪ್ರತಿ ಕೆಲಸಗಾರನಿಗೂ, ಒಬ್ಬನೇ ಕೆಲಸ ಮಾಡುವವನಿಗೂ, ಆ 14 ಅಂಕಿಯ ನಂಬರ್ ಇರಲೇಬೇಕು. ನಂಬರ್ ಕೊಟ್ಟ. ವಿಮೆ ಪತ್ರದ ಫೋಟೋನೂ ಕಳಿಸಿದ. ಮಾಡಿದ ಕೆಲಸಕ್ಕೆ ಹತ್ತು ವರ್ಷ ಭರವಸೆ ಕೊಡುವ ವಿಮೆ, ದೆಸೆನಾಲ್ ಅಂತಾರೆ. 1978ರ ಕಾನೂನಿನಿಂದ ಬಂದದ್ದು, ಕಟ್ಟಡದ ಕೆಲಸ ಮಾಡುವವರಿಗೆ ಕಡ್ಡಾಯ. ಫೋಟೋ ಮಸುಕು ಮಸುಕಾಗಿತ್ತು, ಒಂದು ಮೂಲೆ ಮಡಚಿತ್ತು. ಆ ಮಡಚಿದ ಮೂಲೆಯಲ್ಲೇ ಮುಗಿಯುವ ತಾರೀಕು ಇದ್ದದ್ದು ಅಂತ ಆಮೇಲೆ ಗೊತ್ತಾಯಿತು.

ದುಡ್ಡಿನ ವಿಷಯಕ್ಕೆ ಬರ್ತೀನಿ. ಅರ್ಧ ಕ್ಯಾಶ್, "ಸಾಮಾನು ತರೋಕೆ" ಅಂದ. 3,500 ಯೂರೋ. ಇನ್ನರ್ಧ ಪೌಂಡಿನಲ್ಲಿ, ಇಂಗ್ಲೆಂಡಿನಲ್ಲಿರುವ ಅವನ ಹೆಂಡತಿ ಖಾತೆಗೆ. "ಇಲ್ಲಿಯ ಬ್ಯಾಂಕಿಗೆ ಹಾಕಿದರೆ ಟಿವಿಎ ಕಟ್ಟಬೇಕು, ಅದನ್ನೂ ನಿಮ್ಮಿಂದಲೇ ತಗೋಬೇಕಾಗುತ್ತೆ" ಅಂದ. ಟಿವಿಎ ಅಂದರೆ ನಮ್ಮ ಜಿಎಸ್‌ಟಿ ಥರ. ಆಮೇಲೆ ಒಂದು ಮಾತು ಸೇರಿಸಿದ, ಅದನ್ನು ನೆನಪಿಡಿ: "ಟ್ರಾನ್ಸ್‌ಫರ್ ಮಾಡುವಾಗ ಗಾರ್ಡನ್ ಟೇಬಲ್, ಕುರ್ಚಿ ಅಂತ ಬರೆಯಿರಿ. ಬ್ಯಾಂಕಿನವರು ಸುಮ್ನೆ ಪ್ರಶ್ನೆ ಕೇಳ್ತಾರೆ."

ನಮ್ಮವರು ಬರೆದರು. ಗಾರ್ಡನ್ ಟೇಬಲ್, ಕುರ್ಚಿ.

ಕೆಲಸ ಶುರುವಾಯಿತು. ಜೆಸಿಬಿ ತಂದ, ಅಗೆದ, ಟ್ಯಾಂಕ್ ಇಳಿಸಿದ. ಮಧ್ಯೆ ನಾವು ಒಂದು ಮದುವೆಗೆ ಲೆಸ್ಟರ್‌ಗೆ ಹೋಗಬೇಕಾಯಿತು. ಹೋಗುವಾಗ ಒಂದೇ ಮಾತು ಹೇಳಿದ್ದೆ: ಮುಚ್ಚುವ ಮೊದಲು ಸ್ಪಾಂಕ್‌ನವರಿಗೆ ತೋರಿಸಬೇಕು. ಅದೇ ನಿಯಮ. ಗುಂಡಿ ತೆರೆದಿರುವಾಗಲೇ ಅವರು ಬಂದು ನೋಡಬೇಕು, ಅಳತೆ ತಗೋಬೇಕು, ಆಮೇಲೆ ಮಣ್ಣು ಮುಚ್ಚಬೇಕು. ಬೆರ್ಜರಾಕ್ ಏರ್‌ಪೋರ್ಟಿನಲ್ಲಿ ಇಳಿದು ಮನೆಗೆ ಬಂದರೆ ಗುಂಡಿ ಮಾಯ! ಮೇಲೆ ಮಣ್ಣು ಹರಡಿ, ಹುಲ್ಲಿನ ಬೀಜ ಹಾಕಿ, ನೀರು ಬಿಟ್ಟು, ಅಚ್ಚುಕಟ್ಟಾಗಿ ಹಗ್ಗ ಕಟ್ಟಿದ್ದಾನೆ.

"ಸ್ಪಾಂಕ್‌ಗೆ ಫೋನ್ ಮಾಡಿದ್ದೆ. ಫೋಟೋ ಇದ್ದರೆ ಸಾಕು ಅಂದರು" ಅಂದ. ಫೋಟೋ ಎಲ್ಲಿ? "ಹಳೇ ಫೋನಲ್ಲಿ ಇದೆ." ಹಳೇ ಫೋನ್ ಎಲ್ಲಿ? "ಕಳಿಸ್ತೀನಿ." ಇವತ್ತಿಗೂ ಬಂದಿಲ್ಲ.

ಸ್ಪಾಂಕ್‌ನಿಂದ ಒಬ್ಬಳು ಚಿಕ್ಕ ವಯಸ್ಸಿನ ಹುಡುಗಿ ಬಂದಳು. ಯಾರೂ ಫೋನ್ ಮಾಡಿಲ್ಲ ಅಂತ ಮೊದಲೇ ಹೇಳಿದಳು. ಮನೆ ಸುತ್ತ ನಡೆದು ಗಾಳಿ ಪೈಪ್ ಎಲ್ಲಿ ಅಂತ ಕೇಳಿದಳು. ಟ್ಯಾಂಕಿನ ಗ್ಯಾಸ್ ಹೋಗುವ ಪೈಪ್ ಮನೆಯ ಸೂರಿಗಿಂತ ಮೇಲೆ ಹೋಗಬೇಕು. ನಮ್ಮದು ಶೆಡ್ಡಿನ ಹಿಂದೆ, ನನ್ನ ಸೊಂಟದ ಎತ್ತರಕ್ಕೆ ಕಟ್ ಆಗಿ ನಿಂತಿತ್ತು. ಅಡುಗೆಮನೆ ಕಿಟಕಿ ತೆಗೆದರೆ ಬರ್ತಿದ್ದ ವಾಸನೆ ಪಕ್ಕದ ರೈತನ ಗೊಬ್ಬರದ್ದು ಅಂತ ನಾವು ತಿಳಿದುಕೊಂಡಿದ್ದೆವು. ಪಾಪ ಆ ಮನುಷ್ಯನನ್ನು ಎಷ್ಟು ಬೈದುಕೊಂಡೆನೋ.

ಆಮೇಲೆ ಅವಳು ಒಂದು ಕಬ್ಬಿಣದ ಸರಳು ತಂದು ಹೊಸ ಹುಲ್ಲಿನ ಮೇಲೆ ಚುಚ್ಚಿದಳು. ಮೊಣಕೈ ಉದ್ದವೂ ಇಳಿಯಲಿಲ್ಲ, ಠಣ್ ಅಂತು. ಪಕ್ಕದಲ್ಲಿ ಚುಚ್ಚಿದಳು. ಠಣ್. ಇನ್ನೊಂದು ಕಡೆ. ಠಣ್. ನಮ್ಮವರು ಗುದ್ದಲಿ ತಂದು ಅಗೆದರು. ಮೇಲೆ ತೆಳ್ಳಗೆ ಮರಳು. ಅದರ ಕೆಳಗೆ ಒಡೆದ ಹೆಂಚು, ಗಟ್ಟಿಯಾದ ಸಿಮೆಂಟ್ ಚೀಲ, ಮತ್ತೆ ನೀಲಿ ಹೂವಿನ ಬಾತ್‌ರೂಮ್ ಟೈಲ್ಸ್. ಬುಟ್ಟಿಗಟ್ಟಲೆ ಟೈಲ್ಸ್. ಯಾರದೋ ಮನೆಯ ಬಾತ್‌ರೂಮ್ ಪೂರ್ತಿ ನಮ್ಮ ಹಿತ್ತಲಲ್ಲಿ ಹೂತಿದ್ದಾನೆ!

ಆ ಹುಡುಗಿ ಏನೂ ಹೇಳಲಿಲ್ಲ. ಬರೆದುಕೊಂಡಳು. ವರದಿಯಲ್ಲಿ ಸರಿ ಇಲ್ಲ ಅಂತ ಬಂತು. ಇನ್ನೂ ಸರಿ ಮಾಡಿಸದಿದ್ದರೆ ಸ್ಪಾಂಕ್ ಶುಲ್ಕವನ್ನು 400% ವರೆಗೆ ಏರಿಸುವ ಅಧಿಕಾರ ಕಾನೂನಿನಲ್ಲಿ ಇದೆ.

ಈಗ ಅವನ ಉತ್ತರಗಳನ್ನು ಓದಿ. ಇವು ನನಗೆ ಬಾಯಿಪಾಠ ಆಗಿಬಿಟ್ಟಿವೆ.

ಮೊದಲು: "ಫ್ರೆಂಚ್‌ನವರಿಗೆ ಕಾಗದದ ಹುಚ್ಚು. ತಲೆ ಕೆಡಿಸ್ಕೋಬೇಡಿ."

ಟೈಲ್ಸ್ ಫೋಟೋ ಕಳಿಸಿದ ಮೇಲೆ: "ನೀರು ಇಂಗೋಕೆ ಅದು ಒಳ್ಳೆಯದು."

ದುಡ್ಡು ವಾಪಸ್ ಕೇಳಿದಾಗ: "ಯಾವ ದುಡ್ಡು? ರಸೀದಿ ಕಳಿಸಿ."

ಬ್ಯಾಂಕ್ ಟ್ರಾನ್ಸ್‌ಫರ್ ಇದೆಯಲ್ಲ ಅಂತ ನಮ್ಮವರು ಬರೆದರು. ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ಬಂತು: "ಅದು ನನ್ನ ಹೆಂಡತಿ ನಿಮಗೆ ಮಾರಿದ ಗಾರ್ಡನ್ ಟೇಬಲ್, ಕುರ್ಚಿಗೆ. ನೀವೇ ಬರೆದಿದ್ದೀರಲ್ಲ."

ಫೋನ್ ಹಿಡಿದುಕೊಂಡು ನಮ್ಮವರು ಅದನ್ನು ನನಗೆ ಓದಿ ಹೇಳಿದರು. ಮತ್ತೊಮ್ಮೆ ಓದಿದರು. ನಾನು ನಗಲಾ ಅಳಲಾ ಗೊತ್ತಾಗಲಿಲ್ಲ. ಟೇಬಲ್ ಕುರ್ಚಿ! ಅಂದರೆ ಮೊದಲ ದಿನವೇ, ನನ್ನ ಕೋಡುಬಳೆ ತಿನ್ನುವಾಗಲೇ, ಈ ಉತ್ತರವನ್ನು ಜೇಬಿನಲ್ಲಿ ಇಟ್ಟುಕೊಂಡೇ ಬಂದಿದ್ದ. ಕೆಲಸ ಕೆಟ್ಟದಾಗಿ ಮಾಡಿದ್ದರೆ ಬಿಡಿ, ಕೈಲಾಗದವನು ಅನ್ನಬಹುದಿತ್ತು. ಇದು ಅದಲ್ಲ. ಇವನು ಮೋಸದ ಲೆಕ್ಕ ಮೊದಲು ಹಾಕಿ, ಆಮೇಲೆ ಗುಂಡಿ ತೋಡಿದವನು.

ಕೊನೆಗೆ ಪೊಲೀಸರ ಹತ್ತಿರ ಹೋಗ್ತೀವಿ ಅಂದೆವು. ಉತ್ತರ: "ಹೋಗಿ. 3,500 ಕ್ಯಾಶ್ ಕೊಟ್ಟಿದ್ದು ಯಾರು ಅಂತ ಅವರೂ ಕೇಳ್ತಾರೆ."

ಇದೊಂದು ಮಾತ್ರ ಅವನು ನಿಜ ಹೇಳಿದ. ಇಲ್ಲಿ ಕೆಲಸಗಾರನಿಗೆ 1,000 ಯೂರೋಗಿಂತ ಜಾಸ್ತಿ ಕ್ಯಾಶ್ ಕೊಡುವಂತಿಲ್ಲ. 5,000 ಯೂರೋ ದಾಟಿದ ಕೆಲಸಕ್ಕೆ, ಮಾಡುವವನು ರಿಜಿಸ್ಟರ್ ಆಗಿದ್ದಾನಾ ಅಂತ ನೋಡಿಕೊಳ್ಳುವ ಜವಾಬ್ದಾರಿ ಮಾಡಿಸುವವರ ಮೇಲೂ ಇದೆ. ಅದು ಅವನಿಗೆ ಚೆನ್ನಾಗಿ ಗೊತ್ತು. ಹೊಸದಾಗಿ ಬಂದ ನಮ್ಮಂಥವರು ಹೆದರುತ್ತಾರೆ, ವೀಸಾಕ್ಕೆ ತೊಂದರೆ ಆದೀತು ಅಂತ ಬಾಯಿ ಮುಚ್ಚಿಕೊಳ್ತಾರೆ ಅನ್ನೋದೂ ಗೊತ್ತು.

ಸಿರೆಟ್ ನಂಬರನ್ನು ಸರ್ಕಾರದ ವೆಬ್‌ಸೈಟಿನಲ್ಲಿ ಹಾಕಿ ನೋಡಿದೆವು. ಯಾರು ಬೇಕಾದರೂ ನೋಡಬಹುದು, ದುಡ್ಡಿಲ್ಲ. ನಂಬರ್ ಅವನದೇ. ಆದರೆ ತೋಟದ ಕೆಲಸಕ್ಕೆ ತಗೊಂಡದ್ದು, ಅದೂ ಮುಚ್ಚಿಹೋಗಿದೆ. ವಿಮೆ ಕಂಪನಿಗೆ ಬರೆದರೆ, ಪತ್ರ ಪೇಂಟಿಂಗ್ ಕೆಲಸಕ್ಕೆ ಮಾತ್ರ, ಅವಧಿಯೂ ಮುಗಿದಿದೆ ಅಂದರು. ದೆಸೆನಾಲ್ ಪತ್ರದಲ್ಲಿ ಯಾವ ಕೆಲಸ ಬರೆದಿದೆಯೋ ಅದಕ್ಕೆ ಮಾತ್ರ ಅನ್ವಯ ಅಂತ ಆಗ ಗೊತ್ತಾಯಿತು.

ಇದಕ್ಕಿಂತ ಜಾಸ್ತಿ ಉರಿದದ್ದು ಇನ್ನೊಂದು. ಗುರುವಾರ ಸಂತೆ ಮುಗಿಸಿ ಕಾಫಿಗೆ ಕೂತಿದ್ದಾಗ ನಮ್ಮ ಇಂಗ್ಲಿಷ್ ಗೆಳತಿಯರಿಗೆ ಫೋಟೋ ತೋರಿಸಿದೆ. ಒಬ್ಬಳು ಹೆಸರು ಕೇಳಿದ ತಕ್ಷಣ "ಓ, ಅವನಾ..." ಅಂದಳು. ಇನ್ನೊಬ್ಬಳು ಫೋನನ್ನು ಹತ್ತಿರ ಹಿಡಿದು ನೋಡಿದಳು. "ಇವು ನಮ್ಮ ಬಾತ್‌ರೂಮ್ ಟೈಲ್ಸ್" ಅಂದಳು. ಡಂಪ್‌ಗೆ ಸಾಗಿಸೋಕೆ ಅಂತ ಅವಳಿಂದ ಬೇರೆ ದುಡ್ಡು ತಗೊಂಡಿದ್ದಾನೆ! ಅವಳ ಶವರ್ ಕೂಡ ಸೋರ್ತಾ ಇದೆಯಂತೆ. ಎಲ್ಲರಿಗೂ ಗೊತ್ತು. ಟೇಬಲ್ ಸುತ್ತ ಕೂತಿದ್ದ ಎಲ್ಲರಿಗೂ ಗೊತ್ತು. ನಮ್ಮ ಮನೆ ಮುಂದೆ ಅವನ ಬಿಳಿ ವ್ಯಾನ್ ನಿಂತಿದ್ದನ್ನು ನೋಡಿದ್ದಾರೆ, ಕೈ ಬೀಸಿ ಹೋಗಿದ್ದಾರೆ. ಯಾಕೆ ಹೇಳಲಿಲ್ಲ ಅಂದರೆ, "ಚಿಕ್ಕ ಊರು, ಸುಮ್ನೆ ಮನಸ್ತಾಪ ಯಾಕೆ ಅಂತ." ಹಾಸನದಲ್ಲಿ ಆಗಿದ್ದರೆ ಅವನು ಅಳತೆ ಟೇಪ್ ತೆಗೆಯುವ ಮೊದಲೇ ಪಕ್ಕದ ಮನೆ ಅಜ್ಜಿ ಕಾಂಪೌಂಡ್ ಮೇಲಿಂದ ಅವನ ಪೂರ್ವೋತ್ತರ ಪೂರ್ತಿ ಹೇಳಿರ್ತಿದ್ದರು.

"ಮೊದಲೇ ಚೆಕ್ ಮಾಡ್ಕೋಬಾರದಿತ್ತಾ" ಅಂತ ಈಗ ಉಪದೇಶ ಮಾಡುವವರೂ ಅದೇ ಟೇಬಲ್‌ನವರೇ.

ಎಲ್ಲೆಲ್ಲಿ ಹೋದೆವು ಅನ್ನೋದನ್ನೂ ಹೇಳ್ತೀನಿ. ಅಕ್ನಾಲೆಜ್‌ಮೆಂಟ್ ಸಹಿತ ರಿಜಿಸ್ಟರ್ಡ್ ಪತ್ರ ಕಳಿಸಿದೆವು. ಪೋಸ್ಟಾಫೀಸಿನಿಂದ ಹೋಗಿ ತಗೊಳ್ಳದೆ ಬಿಟ್ಟ, ವಾಪಸ್ ಬಂತು. ಮನೆ ವಿಮೆಯವರು, ಬಿಲ್ ಇಲ್ಲ, ಸಹಿ ಮಾಡಿದ ಕೊಟೇಶನ್ ಇಲ್ಲ, ನಾವೇನು ಮಾಡೋಣ ಅಂದರು. ರಾಜಿ ಮಾಡಿಸುವ ಕಾನ್ಸಿಲಿಯಾತರ್ ಹತ್ತಿರ ಹೋದೆವು. ಈ ಸೇವೆ ಪೂರ್ತಿ ಉಚಿತ, ನಮಗೆ ಸಿಕ್ಕ ಹಿರಿಯರು ಬಹಳ ತಾಳ್ಮೆಯಿಂದ ಕೇಳಿದರು. ಆದರೆ ರಾಜಿಗೆ ಇಬ್ಬರೂ ಬರಬೇಕಲ್ಲ? ಅವನು ಬರಲಿಲ್ಲ. ಮೊದಲಿನ ಫ್ರೆಂಚ್ ಕಂಟ್ರಾಕ್ಟರನ್ನೇ ಮತ್ತೆ ಕರೆಸಿದೆವು. ಗುಂಡಿ ನೋಡಿ ತಲೆ ಅಲ್ಲಾಡಿಸಿದ. ಈಗ ಅವನ ರೇಟ್ ಹಳೇದಕ್ಕಿಂತ ಜಾಸ್ತಿ, ಆ ಕಸ ಎಲ್ಲ ತೆಗೆದು ಸಾಗಿಸಬೇಕಲ್ಲ. ಆದರೆ ಕೊಟೇಶನ್ ಮೇಲೆ ಸಿರೆಟ್, ವಿಮೆ ಕಂಪನಿ ಹೆಸರು, 10% ಟಿವಿಎ, ಎಲ್ಲ ಇದೆ. ಸಹಿ ಮಾಡಿದ್ದೇವೆ, ಅದರ ಕಾಪಿಯನ್ನು ಸ್ಪಾಂಕ್‌ಗೂ ಕಳಿಸಿದ್ದೇವೆ.

ಬರುವವರಿಗೆ ನನ್ನದು ಇಷ್ಟೇ. ಸಿರೆಟ್ ನಂಬರನ್ನು ದುಡ್ಡು ಕೊಡುವ ಮೊದಲು ನೀವೇ ಹಾಕಿ ನೋಡಿ. ವಿಮೆ ಕಂಪನಿಗೆ ಫೋನ್ ಮಾಡಿ, ಫೋಟೋ ನಂಬಬೇಡಿ. ಸ್ಪಾಂಕ್‌ಗೆ ನೀವೇ ಫೋನ್ ಮಾಡಿ ದಿನ ಗೊತ್ತು ಮಾಡಿ, ಅವರು ನೋಡುವವರೆಗೆ ಊರು ಬಿಟ್ಟು ಹೋಗಬೇಡಿ, ಸ್ವಂತ ತಮ್ಮನ ಮದುವೆ ಆದರೂ ಸರಿ. ವರ್ಷಗಟ್ಟಲೆ ಇಲ್ಲೇ ಇದ್ದೂ ವ್ಯಾನಿಗೆ ಬ್ರಿಟಿಷ್ ನಂಬರ್ ಪ್ಲೇಟ್ ಇಟ್ಟುಕೊಂಡವನನ್ನು ಗೇಟಿನ ಒಳಗೆ ಬಿಡಬೇಡಿ. ಇಲ್ಲಿ ನೆಲೆಸಿದವರು ಒಂದು ತಿಂಗಳಲ್ಲಿ ಗಾಡಿಯನ್ನು ಫ್ರೆಂಚ್ ನಂಬರ್‌ಗೆ ಬದಲಾಯಿಸಬೇಕು. ಅಷ್ಟೂ ಮಾಡದವನು ನಿಮ್ಮ ಟ್ಯಾಂಕ್ ನಿಯಮದ ಪ್ರಕಾರ ಮಾಡ್ತಾನಾ?

ಹೋದ ವಾರ ಅದೇ ವ್ಯಾನ್ ಪಕ್ಕದ ಊರಿನಲ್ಲಿ, ಕೆಂಟ್‌ನಿಂದ ಹೊಸದಾಗಿ ಬಂದಿರುವ ವಯಸ್ಸಾದ ದಂಪತಿ ಮನೆ ಮುಂದೆ ನಿಂತಿತ್ತು. ಮರುದಿನ ಹೋಗಿ ಬೆಲ್ ಒತ್ತಿ ಎಲ್ಲ ಹೇಳಿದೆ, ಫೋಟೋ ತೋರಿಸಿದೆ. ಆಕೆ ಮರ್ಯಾದೆಯಿಂದ ಕೇಳಿ, "ಆದರೆ ಅವನು ಎಷ್ಟು ಒಳ್ಳೆಯವನ ಥರ ಕಾಣ್ತಾನೆ" ಅಂದರು. ಅಡ್ವಾನ್ಸ್ ಕೊಟ್ಟಾಗಿದೆಯಂತೆ. ಏನು ಅಂತ ಬರೆದು ಟ್ರಾನ್ಸ್‌ಫರ್ ಮಾಡಿದಿರಿ ಅಂತ ಕೇಳಿದೆ. ಸೋಫಾ ಅಂತೆ.

ಈ ಕಡೆ ಇರುವ ನಿಮ್ಮ ಗೆಳೆಯರು ಯಾರಾದರೂ ಇಂಗ್ಲೆಂಡಿನ ಖಾತೆಗೆ ಹೀಗೆ ಟೇಬಲ್, ಕುರ್ಚಿ, ಸೋಫಾ ಅಂತ ದುಡ್ಡು ಹಾಕಿದ್ದರೆ ನನಗೆ ಮೆಸೇಜ್ ಮಾಡೋಕೆ ಹೇಳಿ. ಟೈಲ್ಸ್‌ನವಳು ಈಗ ದೂರು ಕೊಡೋಕೆ ಒಪ್ಪಿದ್ದಾಳೆ. ಬರುವ ವಾರ ಪೊಲೀಸ್ ಸ್ಟೇಷನ್‌ಗೆ ಹೋಗ್ತಿದ್ದೇವೆ, ಕ್ಯಾಶ್ ವಿಷಯ ಕೇಳಿದರೆ ಕೇಳಲಿ.